ಕೋಡಿ ಬಿದ್ದ ವಾರ ಅಕ್ಕನ ಊರಿಗೆ ಹೊರಟಿದ್ದು

ನಾನು ಬೆಳೆದದ್ದು ಟ್ಯಾಂಕರ್ ಹಾರ್ನ್ ಕೇಳಿದರೆ ಕೊಡ ಹಿಡಿದು ಓಡುವ ಬೀದಿಯಲ್ಲಿ. ಹಿರಿಯೂರು. ವೇದಾವತಿ ಅಂತ ಒಂದು ಹೊಳೆ ಊರ ಪಕ್ಕದಲ್ಲೇ ಇದೆ, ಆದರೆ ಅದರಲ್ಲಿ ನಾವು ಚಿಕ್ಕಂದಿನಿಂದ ಕಂಡದ್ದು ಜಾಲಿ ಗಿಡ, ಮರಳು ತೆಗೆದ ಗುಂಡಿ, ಒಂದಷ್ಟು ಹಂದಿ. ಟಿವಿಯಲ್ಲಿ ಕೊಡಗು, ಬೆಳಗಾವಿ ಕಡೆ ನೆರೆ ತೋರಿಸಿದಾಗ ಅಮ್ಮ, "ನಮ್ ಕಡೆಗೂ ಒಂದಿಷ್ಟು ಬರಬಾರ್ದಾ" ಅನ್ನುತ್ತಿದ್ದಳು. ನಾವೂ ಹೂಂ ಅನ್ನುತ್ತಿದ್ದೆವು.

2022ರಲ್ಲಿ ಬಂತು.

ಆ ವರ್ಷ ಮಘೆ ಮಳೆ ಬಿಡದೆ ಹೊಡೆಯಿತು. ಅದು ಮುಗಿಯಿತು ಅನ್ನುವಷ್ಟರಲ್ಲಿ ಹುಬ್ಬೆ ಹಿಡಿಯಿತು. ಅದಕ್ಕೂ ಮೊದಲೇ ಎರಡು ಮೂರು ವರ್ಷದಿಂದ ಭದ್ರಾ ನೀರನ್ನು ಅಜ್ಜಂಪುರದ ಸುರಂಗ ದಾಟಿಸಿ ನಮ್ಮ ಡ್ಯಾಮಿಗೆ ಹರಿಸುತ್ತಿದ್ದರು, ಹಾಗಾಗಿ ಡ್ಯಾಂ ಅರ್ಧಕ್ಕಿಂತ ಜಾಸ್ತಿ ತುಂಬಿಕೊಂಡೇ ಕೂತಿತ್ತು. ಡ್ಯಾಂ ಅಂದರೆ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ್ದು. 130 ಅಡಿ ತುಂಬಿದರೆ ಪಕ್ಕದ ಕೋಡಿಯಲ್ಲಿ ನೀರು ತಾನಾಗೇ ಹೊರಗೆ ಬೀಳುತ್ತದೆ. ಹಾಗೆ ಬಿದ್ದದ್ದು 1933ರಲ್ಲಿ ಒಂದೇ ಸಲ. ಆಮೇಲೆ 89 ವರ್ಷ ಇಲ್ಲ. ನಮ್ಮಪ್ಪ ಹುಟ್ಟಿ, ಬೆಳೆದು, ರಿಟೈರಾಗಿ, ತೀರಿಕೊಂಡರೂ ಕೋಡಿ ನೋಡಲಿಲ್ಲ. ಹಾಗಾಗಿ ಗಣೇಶನ ಹಬ್ಬ ಮುಗಿದ ಬೆನ್ನಿಗೇ ಕೋಡಿ ಬಿತ್ತು ಅಂದಾಗ ಊರಿಗೆ ಊರೇ ಹುಚ್ಚೆದ್ದು ಓಡಿದ್ದರಲ್ಲಿ ಆಶ್ಚರ್ಯ ಏನಿಲ್ಲ. ನಾನೂ ಓಡಿದೆ. ಸೆಲ್ಫಿ ತೆಗೆದೆ, ಮಂಡಕ್ಕಿ ಮೆಣಸಿನಕಾಯಿ ತಿಂದೆ, ಕಣಿವೆ ಮಾರಮ್ಮನಿಗೆ ಕೈ ಮುಗಿದು ಬಂದೆ.

ನಮ್ಮಕ್ಕನನ್ನು ಕೊಟ್ಟಿರುವುದು ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಪಕ್ಕದ ಒಂದು ಹಳ್ಳಿಗೆ. ಡ್ಯಾಮಿನ ಈ ಕಡೆ ನಾವು, ಆ ಕಡೆ ಅವಳು. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋಗಬೇಕಿತ್ತು, ಮಳೆಯಿಂದ ಆಗಿರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಸೆಪ್ಟೆಂಬರ್ 4, ಭಾನುವಾರ, ಅಮ್ಮ ಮೊರದ ಬಾಗಿನವನ್ನು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೈಕಿನ ಹಿಂದಿನ ಸೀಟಿಗೆ ಕಟ್ಟಿ, "ಕುಂಕುಮ ನೆನೀಬಾರ್ದು ನೋಡು" ಅಂತ ಎರಡು ಸಲ ಹೇಳಿ ಕಳಿಸಿದಳು. ನಾನು ನೆನೆಯುವ ಬಗ್ಗೆ ಅವಳಿಗೆ ಅಂಥ ಚಿಂತೆ ಇದ್ದಂತೆ ಕಾಣಲಿಲ್ಲ.

ವಾಣಿವಿಲಾಸಪುರ ದಾಟಿ ಹೋದರೆ ಕೋಡಿ ಕಡೆ ರಸ್ತೆಗೆ ಬ್ಯಾರಿಕೇಡ್. ರಸ್ತೆ ಮೇಲೆ ಕೆಂಪು ನೀರು ಮೊಣಕಾಲೆತ್ತರ, ಅದೂ ನಿಂತ ನೀರಲ್ಲ, ಎಳೆಯುವ ನೀರು. ಡಾಂಬರಿನ ಅಂಚು ತುಂಡು ತುಂಡಾಗಿ ಕಳಚಿ ಹೋಗುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಪೊಲೀಸಿನವರು "ಎಲ್ಲಿಗ್ರೀ" ಅಂದರು. ಅಕ್ಕನಿಗೆ ಬಾಗಿನ ಕೊಡಬೇಕು ಸಾರ್ ಅಂದೆ. "ಇಲ್ಲೇ ಡ್ಯಾಮಿಗೆ ಕೊಟ್ಟು ವಾಪಸ್ ಹೋಗ್ರಿ, ನಾಳೆ ನಾಡಿದ್ದು ಮಂತ್ರಿಗಳೂ ಅದನ್ನೇ ಮಾಡೋದು" ಅಂದರು. ಸುತ್ತ ನಿಂತವರೆಲ್ಲ ನಕ್ಕರು. ಮೊನ್ನೆ ಇದೇ ನೀರು ನೋಡಿ ಕುಣಿದವನು ನಾನು, ಇವತ್ತು ಅದನ್ನೇ ಬೈದುಕೊಂಡು ಬೈಕ್ ತಿರುಗಿಸಿದೆ.

ಇನ್ನು ಉಳಿದದ್ದು ಸುತ್ತುದಾರಿ. ಹೈವೇ ಹಿಡಿದು ಐಮಂಗಲ, ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ, ಆಮೇಲೆ ಹೊಸದುರ್ಗ. ಹೈವೇಯಲ್ಲಿ ಮಳೆ ಬಂದದ್ದೇ ಗೊತ್ತಾಗುವುದಿಲ್ಲ, ಲಾರಿಗಳು ಎಂದಿನ ಹಾಗೇ ಓಡುತ್ತಿದ್ದವು. ಹೊಳಲ್ಕೆರೆ ಆದಮೇಲೆ ಶುರುವಾಯಿತು ನೋಡಿ. ಪ್ರತಿ ಹಳ್ಳಕ್ಕೂ ನಿಲ್ಲಬೇಕು, ಆ ಕಡೆಯಿಂದ ಯಾರಾದರೂ ದಾಟಿ ಬರುವುದನ್ನು ಕಾಯಬೇಕು, ಅವರ ಚಕ್ರ ಎಷ್ಟು ಮುಳುಗಿತು ನೋಡಿಕೊಂಡು ನಾವು ಇಳಿಯಬೇಕು. ಒಂದು ಕಡೆ ಮೋರಿಯ ಪೈಪು ಹಾಗೇ ಕೂತಿತ್ತು, ಮೇಲಿನ ರಸ್ತೆ ಮಾತ್ರ ಇರಲಿಲ್ಲ. ಟ್ರ್ಯಾಕ್ಟರಿನವನೊಬ್ಬ ನನ್ನನ್ನೂ ಬೈಕನ್ನೂ ಬಾಗಿನವನ್ನೂ ಟ್ರೇಲರಿಗೆ ಹತ್ತಿಸಿ ಹೊಲದ ಮೇಲೆ ದಾಟಿಸಿದ. ಪಾಪ, ಅದು ರಾಗಿ ಹೊಲ. ಯಾರದ್ದೋ ಏನೋ. ದುಡ್ಡು ಕೊಡಲು ಹೋದರೆ "ನನ್ ಹೊಲ ಅಲ್ಲ ಬಿಡಣ್ಣ" ಅಂದ!

ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟವನು ಊರು ಮುಟ್ಟಿದಾಗ ಮೂರೂವರೆ. ಊರೊಳಗೆ ಎಲ್ಲ ಸರಿಯಾಗೇ ಇತ್ತು, ಮಕ್ಕಳು ಗಣೇಶನ ಮುಂದೆ ತಮಟೆ ಬಡಿಯುತ್ತಿದ್ದವು. ಅಕ್ಕ ಬಾಗಿಲಲ್ಲೇ ಇದ್ದಳು. "ಕರೆಂಟಿನ ಟಿಸಿ ಸುಟ್ಟು ನಾಲ್ಕು ದಿನ ಆಯ್ತು ಕಣೋ, ಫೋನಿಗೆ ಚಾರ್ಜ್ ಎಲ್ಲಿ ಹಾಕಲಿ" ಅಂದಳು. ಬಾಗಿನ ತಗೊಂಡು ಕಣ್ಣಿಗೆ ಒತ್ತಿಕೊಂಡಳು. ಕುಂಕುಮ ನೆನೆದಿರಲಿಲ್ಲ. ಊಟ ಆದಮೇಲೆ ಭಾವ, "ಬಾ, ತೋಟ ತೋರಿಸ್ತೀನಿ" ಅಂದರು. ಸುಮ್ನೆ ಕರೆದ ಹಾಗೇ ಇತ್ತು ದನಿ.

ತೋಟ ಅಂತ ತೋರಿಸಲು ಅಲ್ಲಿ ನೆಲ ಕಾಣುತ್ತಿರಲಿಲ್ಲ. ತೆಂಗಿನ ಮರಗಳು ನೀರೊಳಗಿಂದ ಎದ್ದು ನಿಂತಿದ್ದವು, ಅಡಿಕೆ ಸಸಿಗಳದ್ದು ಬರೀ ತುದಿ. ಗಾಳಿ ಬೀಸಿದಾಗ ಸಣ್ಣ ಅಲೆ ಬಂದು ನಮ್ಮ ಚಪ್ಪಲಿ ಮುಟ್ಟಿ ಹೋಗುತ್ತಿತ್ತು. ನೋಡಲು ಚಂದ, ಅದೇ ಸಂಕಟ. ಭಾವ ಕೈ ಚಾಚಿ, "ಅಗೋ ಅಲ್ಲಿ ಬೋರು" ಅಂದರು. ಏಳುನೂರು ಅಡಿ ಕೊರೆಸಿದ್ದ ಬೋರು, ಸಾಲ ಮಾಡಿ, ಬರೀ ಧೂಳು ಬಂದಿದ್ದು. ನಾಲ್ಕು ವರ್ಷದ ಹಿಂದೆ ಅದರ ಮುಂದೆ ಕೂತು ಅಕ್ಕ ಅತ್ತದ್ದನ್ನು ನಾನೇ ನೋಡಿದ್ದೆ. ಈಗ ಆ ಕೇಸಿಂಗ್ ಪೈಪಿನ ಮೇಲೆ ಒಂದಾಳು ನೀರು. ಇನ್ನೊಂದು ಬೋರಿನ ಸ್ಟಾರ್ಟರ್ ಡಬ್ಬವೂ ಒಳಗೇ ಇತ್ತಂತೆ.

"ಮಳೆ ನಿಂತರೆ ಇಳಿಯುತ್ತಲ್ವಾ?" ಅಂದೆ. ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಹೊಳೆ ನೆರೆ ಬಂದರೆ ಎರಡು ದಿನಕ್ಕೆ ಇಳಿಯುತ್ತದೆ, ಹಿರಿಯೂರಿನ ತಗ್ಗಿನ ಬೀದಿಗಳಲ್ಲಿ ಹಾಗೇ ಆಗಿತ್ತು: ಮನೆಯ ಕೆಸರು ತೊಳೆದರು, ಹಾಸಿಗೆ ಒಣಗಿಸಿದರು, ಬೈದರು, ಮುಗಿಯಿತು. ಹಿನ್ನೀರು ಹಾಗಲ್ಲ. ಕೋಡಿಗೆ ಗೇಟ್ ಇಲ್ಲ. ಕೋಡಿಯ ಮಟ್ಟದವರೆಗಿನ ನೀರು ಡ್ಯಾಮಿನದ್ದು, ಅದು ತಾನಾಗಿ ಹೊರಗೆ ಹೋಗುವುದಿಲ್ಲ. ಕಾಲುವೆಗೆ ಬಿಟ್ಟು, ಬಿಸಿಲಿಗೆ ಆರಿ, ಕುಡಿಯಲು ತೆಗೆದು, ನಿಧಾನಕ್ಕೆ ಇಳಿಯಬೇಕು. ತಿಂಗಳುಗಟ್ಟಲೆ ಬೇರು ನೀರಲ್ಲಿ ನಿಂತರೆ ಅಡಿಕೆ ಉಳಿಯುತ್ತದಾ? ತೆಂಗು ಸ್ವಲ್ಪ ತಡೆಯುತ್ತದೆ, ಆಮೇಲೆ ಹರಳು, ಅಂದರೆ ಎಳೆಗಾಯಿ, ಉದುರಿಸುತ್ತದೆ. ಆ ಕಡೆಯವರು ಕೋಡಿ ಮಟ್ಟ ಇಳಿಸಿ ಅಂತ ಕೇಳಿದರೆ ನಮ್ಮ ಹಿರಿಯೂರಿನವರು ಸಿಡಿದೇಳುತ್ತೇವೆ. ನಮ್ಮದೂ ತಪ್ಪಲ್ಲ, ಬರ ಕಂಡವರು. ಆದರೆ ಆ ನೀರಿನ ದಡದಲ್ಲಿ ನಿಂತಾಗ ಭಾವನ ಎದುರು ಆ ಮಾತು ನನ್ನ ಬಾಯಿಂದ ಬರಲಿಲ್ಲ.

ದಡದಿಂದ ಎರಡು ಮಾರು ಒಳಗೆ, ನೀರಿನಲ್ಲಿ, ಒಂದು ಕಲ್ಲಿನ ತಲೆ ಕಾಣುತ್ತಿತ್ತು. ಆ ಕಲ್ಲು ನನಗೆ ಗೊತ್ತು. ತೋಟಕ್ಕೆ ಬಂದವರೆಲ್ಲ ಕುಡುಗೋಲು ಮಸೆಯುತ್ತಿದ್ದ ಕಲ್ಲು, ಮೇಲೆ ಸವೆದು ನುಣ್ಣಗಾಗಿತ್ತು. "ಅದು ಮುಳುಗಡೆ ಕಲ್ಲು" ಅಂದರು ಭಾವ. "ನೀರು ಇಲ್ಲೀತನಕ ಬರುತ್ತೆ ಅಂತ ಡ್ಯಾಂ ಕಟ್ಟಿದಾಗ ನೆಟ್ಟಿದ್ದಂತೆ. ನಮ್ಮಜ್ಜ ಹೇಳೋನು, ನಾವು ನಗೋವು."

ಪರಿಹಾರಕ್ಕೆ ಅರ್ಜಿ ಹಾಕಿದಾಗ ಅಳತೆಗೆ ಬಂದವರು ಮೊದಲು ಕೇಳಿದ್ದೂ ಅದನ್ನೇ ಅಂತೆ, ಕಲ್ಲಿನ ಒಳಗೋ ಹೊರಗೋ. ಅರ್ಧ ತೋಟ ಒಳಗೆ, ಅರ್ಧ ಹೊರಗೆ. ಅದರ ಕಥೆ ಉದ್ದ ಇದೆ, ಇಲ್ಲಿ ಬೇಡ.

ಆ ರಾತ್ರಿ ಅಲ್ಲೇ ಉಳಿದೆ. ಕಪ್ಪೆಗಳ ಗದ್ದಲಕ್ಕೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಡೈರಿಗೆ ಹಾಲು ಹಾಕುವವರು ಕ್ಯಾನ್ ತಲೆ ಮೇಲೆ ಹೊತ್ತು ಸುತ್ತು ಬಳಸಿ ಹೋಗುತ್ತಿದ್ದರು, ಊರ ಮುಂದಿನ ಸಣ್ಣ ಸೇತುವೆ ಮುಳುಗಿತ್ತು. ಶಾಲೆ ಮಕ್ಕಳಿಗೆ ಮಾತ್ರ ಖುಷಿ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಸಂಕ್ರಾಂತಿಗೆ ಎರಡು ದಿನ ಮುಂಚೆ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಅಮ್ಮ ಹೊರಗೆ ಬರಲಿಲ್ಲ, ಒಳಗೆ ಫೋನ್ ಹಿಡಿದು ಕೂತಿದ್ದಳು. ಆ ಸಲ ಅಕ್ಕನ ಫೋನ್ ಹತ್ತಿತು. "ಎಳ್ಳು ಬೆಲ್ಲ ತರೋದಾದ್ರೆ ಹೊಳಲ್ಕೆರೆ ಮೇಲೆ ಬರೋಕೆ ಹೇಳಮ್ಮ ಅವ್ನಿಗೆ" ಅಂದಳು. ಕಲ್ಲು ಕಾಣುತ್ತಾ ಅಂತ ಕೇಳಿದೆ. ಇನ್ನೂ ಒಂದು ಗೇಣು ಕಾಣುತ್ತೆ ಅಂದಳು.