ಡಿಸೆಂಬರ್ ನೋಡಿ ಮನೆ ಹಿಡಿಯಬೇಡಿ: ಚಿಯಾಂಗ್ ಮಾಯ್, ಪೆನಾಂಗ್, ಡಾ ನಾಂಗ್

ಡಿಸೆಂಬರಿನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ನೋಡಿದವರಲ್ಲಿ ಹೆಚ್ಚಿನವರು ನಿವೃತ್ತಿಯ ಲೆಕ್ಕ ಹಾಕಿಕೊಂಡೇ ವಾಪಸಾಗುತ್ತಾರೆ. ಬೆಳಿಗ್ಗೆ ಹಿತವಾದ ಚಳಿ, ಅಗ್ಗದ ಊಟ, ಊರಿನ ಪಶ್ಚಿಮಕ್ಕೆ ದೊಯಿ ಸುತೇಪ್ ಬೆಟ್ಟ. ಮಾರ್ಚ್ ಮೂರನೇ ವಾರ ಅದೇ ಊರಿಗೆ ಹೋಗಿ ನಿಂತರೆ ಆ ಬೆಟ್ಟವೇ ಕಾಣುವುದಿಲ್ಲ. ಸುತ್ತಲ ಗುಡ್ಡಗಳ ನಡುವೆ ಊರು ಬಟ್ಟಲಿನಂತೆ ಕೂತಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್, ಲಾವೋಸ್‌ಗಳಲ್ಲಿ ಮೆಕ್ಕೆಜೋಳದ ಕೂಳೆಗೆ ಬೆಂಕಿ ಹಚ್ಚುತ್ತಾರೆ, ಕಾಡೂ ಉರಿಯುತ್ತದೆ. ಗಾಳಿ ಬೀಸುವುದಿಲ್ಲ, ಮಳೆ ಇಲ್ಲ, ಹೊಗೆ ಬಟ್ಟಲಿನಲ್ಲೇ ಉಳಿಯುತ್ತದೆ. ಜಗತ್ತಿನ ಅತಿ ಕೊಳಕು ಗಾಳಿಯ ನಗರಗಳ ಪಟ್ಟಿಯಲ್ಲಿ ಆ ವಾರಗಳಲ್ಲಿ ಈ ಊರು ಮೊದಲ ಸ್ಥಾನಕ್ಕೆ ಹೋಗುವುದೂ ಉಂಟು.

ಹಾಗಾಗಿ ಅಲ್ಲಿ ವರ್ಷಾನುಗಟ್ಟಲೆ ಇರುವ ವಿದೇಶಿಯರಲ್ಲಿ ಕೈಲಾದವರು ಆರು ವಾರ ದಕ್ಷಿಣದ ಸಮುದ್ರ ತೀರಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಅಂದರೆ ಎರಡು ಕಡೆ ಬಾಡಿಗೆ. ‘ತಿಂಗಳಿಗೆ ಇಷ್ಟೇ ಖರ್ಚು’ ಎಂದು ವಿಡಿಯೊ ಮಾಡುವವರು ಈ ಲೆಕ್ಕ ಹೇಳುವುದಿಲ್ಲ. ಆಸ್ತಮಾ ಇದ್ದವರು, ಹೃದಯದ ತೊಂದರೆ ಇದ್ದವರು ಈ ಊರನ್ನು ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಊರು ಎಂದಷ್ಟೇ ತಿಳಿದುಕೊಳ್ಳಬೇಕು.

ಯಾವ ಊರಾದರೂ ಸರಿ, ಅಡ್ವಾನ್ಸ್ ಕೊಡುವ ಮುಂಚೆ ಅದರ ಕೆಟ್ಟ ತಿಂಗಳಲ್ಲಿ ಎರಡು ವಾರ ಇದ್ದು ನೋಡಬೇಕು. ಚಿಯಾಂಗ್ ಮಾಯ್‌ಗೆ ಮಾರ್ಚ್, ವಿಯೆಟ್ನಾಂನ ಡಾ ನಾಂಗ್‌ಗೆ ಅಕ್ಟೋಬರ್, ಮಲೇಷ್ಯಾದ ಪೆನಾಂಗ್‌ಗೆ ಸೆಪ್ಟೆಂಬರ್ ಕೊನೆ. ರಜೆಗೆ ಮಾತ್ರ ಹೋಗುವವರು ಇದನ್ನೇ ತಿರುಗಿಸಿ ಓದಿಕೊಳ್ಳಿ.

ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್ ಸುಮಾರು 700 ಕಿಲೋಮೀಟರ್. ಬ್ಯಾಂಕಾಕ್‌ನ ಖಾವೊ ಸಾನ್ ರಸ್ತೆಯ ಏಜೆನ್ಸಿಗಳು ‘ವಿಐಪಿ’ ಎಂದು ಮಾರುವ ರಾತ್ರಿ ಬಸ್ಸಿನ ಬಗ್ಗೆ ಒಂದು ಮಾತು. ಟಿಕೆಟ್ ಎಲ್ಲರಿಗಿಂತ ಅಗ್ಗ, ಯಾಕೆ ಅಗ್ಗ ಎನ್ನುವುದು ಬೆಳಿಗ್ಗೆ ಗೊತ್ತಾಗುತ್ತದೆ. ಸಂಜೆ ಆರಕ್ಕೆ ಬನ್ನಿ ಎಂದು ಹೇಳಿ ಫುಟ್‌ಪಾತಿನಲ್ಲಿ ಕೂರಿಸಿ, ಎಂಟಕ್ಕೆ ಹೊರಡಿಸುತ್ತಾರೆ. ದೊಡ್ಡ ಬ್ಯಾಗುಗಳೆಲ್ಲ ಕೆಳಗಿನ ಡಿಕ್ಕಿಗೆ. ಮೇಲೆ ಎಸಿಯ ಚಳಿಗೆ ಜನ ಕಂಬಳಿ ಹೊದ್ದು ಮಲಗಿದ್ದಾಗ, ಕೆಳಗೆ ಆ ಬ್ಯಾಗುಗಳ ಜಿಪ್ ತೆರೆಯುವ ಕೈಚಳಕ ಈ ಮಾರ್ಗದಲ್ಲಿ ಬಹಳ ಹಳೆಯದು. ಎಲ್ಲವನ್ನೂ ಕದಿಯುವುದಿಲ್ಲ. ಕಟ್ಟಿನಿಂದ ಎರಡು ನೋಟು, ಒಂದು ಚಾರ್ಜರ್, ಒಂದು ಪವರ್ ಬ್ಯಾಂಕ್ ಅಷ್ಟೇ ಹೋಗಿರುತ್ತದೆ. ನಿಮಗೆ ಗೊತ್ತಾಗುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಬೆಳಗಿನ ಜಾವ ಇಳಿಸುವುದು ಬಸ್ ನಿಲ್ದಾಣದಲ್ಲಲ್ಲ, ಊರ ಹೊರಗಿನ ಯಾವುದೋ ಪೆಟ್ರೋಲ್ ಬಂಕಿನಲ್ಲಿ. ಅಲ್ಲಿ ಮೊದಲೇ ಗೊತ್ತು ಮಾಡಿಟ್ಟ ಸೊಂಗ್‌ಥೇವ್ (ಹಿಂದೆ ಎರಡು ಬೆಂಚಿನ ಪಿಕಪ್) ಗಾಡಿಯವರು ಕಾಯುತ್ತಿರುತ್ತಾರೆ. ಊರೊಳಗೆ ಕೆಂಪು ಸೊಂಗ್‌ಥೇವ್‌ಗೆ ತಲೆಗೆ 30 ಬಾತ್ ಆಸುಪಾಸು. ಆ ಕತ್ತಲಲ್ಲಿ ಅವರು ಕೇಳಿದ್ದೇ ರೇಟು.

ಸರಿಯಾದ ಬಸ್ಸು ಬೇಕಿದ್ದರೆ ಬ್ಯಾಂಕಾಕ್‌ನ ಮೊ ಚಿಟ್ ಬಸ್ ನಿಲ್ದಾಣಕ್ಕೇ ಹೋಗಿ ಹತ್ತಬೇಕು. ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ರಾತ್ರಿ ರೈಲೇ ವಾಸಿ. ಕೆಳಗಿನ ಬರ್ತ್ ಮೇಲಿನದಕ್ಕಿಂತ ಸ್ವಲ್ಪ ದುಬಾರಿ, ಆದರೆ ಅಗಲ. ದೂರದ ರೈಲುಗಳು 2023ರ ಜನವರಿಯಿಂದ ಹೊರಡುವುದು ಕ್ರುಂಗ್ ಥೇಪ್ ಅಫಿವತ್ ಎಂಬ ಹೊಸ ನಿಲ್ದಾಣದಿಂದ. ಹಳೆಯ ಪ್ರವಾಸ ಬರಹ ನಂಬಿ ಹಳೆಯ ನಿಲ್ದಾಣ ಹುವಾ ಲಂಫೋಂಗ್‌ಗೆ ಹೋದವರಿಗೆ ರೈಲು ತಪ್ಪುತ್ತದೆ.

ಇನ್ನು ಊಟ. ಸಸ್ಯಾಹಾರಿಗಳಿಗೆ ಥಾಯ್ಲೆಂಡ್ ಕಷ್ಟ ಎನ್ನುವವರು 17 ಓದಲು ಕಲಿತಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ‘ಜೇ’ ಎಂಬ ಥಾಯ್ ಪದ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ 17 ಎಂಬ ಅಂಕಿಯಂತೆ ಕಾಣುತ್ತದೆ. ಈ ಬಾವುಟ ಇದ್ದ ಕಡೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯಲ್ಲಿ ಕೂತವರೂ ನೆಮ್ಮದಿಯಾಗಿ ತಿನ್ನಬಹುದು. ಇಂಥ ಅಂಗಡಿ ಒಂದು ಶಟರಿನಷ್ಟೇ ಅಗಲ. ಮುಂದೆ ಗಾಜಿನ ಹಿಂದೆ ಹತ್ತು ಹನ್ನೆರಡು ಸ್ಟೀಲ್ ಟ್ರೇ. ತಟ್ಟೆಗೆ ಅನ್ನ, ಕೆಂಪಕ್ಕಿಯದೂ ಇರುತ್ತದೆ. ಬೆರಳು ತೋರಿಸಿ ಎರಡು ಪಲ್ಯ ಹಾಕಿಸಿಕೊಳ್ಳುವುದು. ಶುಂಠಿ ಸೀಳುಗಳ ಜೊತೆ ಹುರಿದ ಅಣಬೆ, ತೆಂಗಿನ ಹಾಲಿನ ಹಸಿರು ಸಾರಿನಲ್ಲಿ ಪುಟ್ಟ ಥಾಯ್ ಬದನೆ, ಸೋಯಾ ಸಾಸಿನಲ್ಲಿ ಬಾಡಿಸಿದ ಬೂದುಗುಂಬಳ, ಕರಿದ ಟೋಫು. ಎಲ್ಲ ಸೇರಿ 40–50 ಬಾತ್. ಪಕ್ಕದಲ್ಲಿ ತೆಳು ಸೂಪು ಅನೇಕ ಕಡೆ ಬಿಟ್ಟಿ. ಹಂದಿಮಾಂಸದ ತುಂಡಿನಂತೆಯೇ ಕಾಣುವುದೊಂದು ಇರುತ್ತದೆ, ಗಾಬರಿ ಬೇಡ, ಗೋಧಿಯ ಅಂಟಿನಿಂದ ಮಾಡಿದ್ದು. ಮಧ್ಯಾಹ್ನ ಎರಡರ ನಂತರ ಹೋದರೆ ಟ್ರೇಗಳು ಖಾಲಿ, ಹನ್ನೊಂದೂವರೆಗೆ ಹೋಗಿ. ಪ್ರವಾಸಿಗರ ಬೀದಿಯಲ್ಲಿ 300 ಬಾತ್ ಕೊಟ್ಟು ತಿನ್ನುವ ನಾರ್ತ್ ಇಂಡಿಯನ್ ಊಟಕ್ಕಿಂತ ಇದು ಎಷ್ಟೋ ಮೇಲು.

ಜೇ ಬಾವುಟವಿಲ್ಲದ ಕಡೆ ‘ಮಾಂಗ್ಸವಿರತ್’ ಎಂದು ಕೇಳಬಹುದು. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ, ಅದು ಮಾಂಸವಿರತಿಯೇ. ಇದರಲ್ಲಿ ಮೊಟ್ಟೆ, ಹಾಲು ನಡೆಯುತ್ತದೆ. ಸುಮ್ಮನೆ ‘ಮಾಂಸ ಬೇಡ’ ಎಂದರೆ ತುಂಡುಗಳನ್ನು ಬಿಡುತ್ತಾರೆ, ಮೀನಿನ ಸಾಸ್ ಬಿಡುವುದಿಲ್ಲ. ಸಾರಿನ ಮಸಾಲೆಯಲ್ಲಿ ಅರೆದ ಸಿಗಡಿ ಮೊದಲೇ ಸೇರಿರುತ್ತದೆ. ಪಪ್ಪಾಯಿ ಕೋಸಂಬರಿಯಲ್ಲೂ ಒಣ ಸಿಗಡಿ ಇರುತ್ತದೆ.

ಅಲ್ಲೇ ಇರುವವರಿಗೆ ಕಾಗದದ ಲೆಕ್ಕ. ಥಾಯ್ಲೆಂಡಿನ ನಿವೃತ್ತಿ ವಾಸಕ್ಕೆ 50 ತುಂಬಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು ಅಥವಾ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ವರ್ಷದ ವಿಸ್ತರಣೆಗೆ ಅರ್ಜಿ ಹಾಕುವ ಎರಡು ತಿಂಗಳು ಮುಂಚಿನಿಂದ, ಮಂಜೂರಾದ ಮೂರು ತಿಂಗಳ ನಂತರದವರೆಗೂ ಆ 8 ಲಕ್ಷ ಅಲ್ಲಾಡಬಾರದು. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. 90 ದಿನಕ್ಕೊಮ್ಮೆ ವಿಳಾಸ ವರದಿ ಕೊಡಬೇಕು. ನಮ್ಮವರು ಎಡವುವುದು ಇನ್ನೊಂದು ಕಡೆ. ಊರಲ್ಲಿ ಮದುವೆ ಎಂದು ಅವಸರದಲ್ಲಿ ವಿಮಾನ ಹತ್ತುತ್ತಾರೆ, ಮರುಪ್ರವೇಶದ ಪರವಾನಗಿ ಮಾಡಿಸಿರುವುದಿಲ್ಲ. ಗಡಿ ದಾಟಿದ ಕ್ಷಣ ವರ್ಷದ ವಿಸ್ತರಣೆ ರದ್ದಾಗುತ್ತದೆ, ಮೊದಲಿನಿಂದ ಶುರು. ಒಮ್ಮೆ ಬಂದುಹೋಗಲು 1,000 ಬಾತ್, ಎಷ್ಟು ಸಲ ಬೇಕಾದರೂ 3,800 ಬಾತ್. ಅಷ್ಟಕ್ಕೆ ಜಿಪುಣತನ ಬೇಡ.

ಬಾಡಿಗೆಗೆ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ. ಕರೆಂಟಿನ ಯೂನಿಟ್ ದರ ಒಪ್ಪಂದದಲ್ಲಿ ಎಷ್ಟೆಂದು ಬರೆದಿದೆ ನೋಡಿ. ಸರ್ಕಾರಿ ದರ 4 ಬಾತ್ ಆಸುಪಾಸು, ಕಟ್ಟಡದವರು 7–8 ಬಾತ್ ಹಾಕುವುದು ಮಾಮೂಲು. ಬೇಸಗೆಯಲ್ಲಿ ಎಸಿ ಓಡಿಸಿದಾಗ ಕೈ ಕಚ್ಚುವುದು ಬಾಡಿಗೆಯಲ್ಲ, ಈ ಬಿಲ್ಲು.

ಪೆನಾಂಗ್‌ಗೆ ಬಂದರೆ, ಮೊದಲ ಮೋಸ ರೂಮಿನದು. ಅಲ್ಲಿನ ಮುಖ್ಯ ಊರು ಜಾರ್ಜ್ ಟೌನ್ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹಳೆಯ ಅಂಗಡಿಮನೆಗಳನ್ನು ಹೋಟೆಲ್ ಮಾಡಿದ್ದಾರೆ. ಇಂಥ ಮನೆ ಮುಂದೆ ಕಿರಿದು, ಹಿಂದಕ್ಕೆ ಉದ್ದ. ಹಾಗಾಗಿ ಕಿಟಕಿ ಸಿಗುವುದು ಮುಂದಿನ, ಹಿಂದಿನ ರೂಮಿಗೆ ಮಾತ್ರ. ಮಧ್ಯದ ರೂಮುಗಳಿಗೆ ‘ಸುಪೀರಿಯರ್’ ಎಂದು ಹೆಸರಿಟ್ಟು, ಗೋಡೆಗೆ ಪರದೆ ನೇತುಹಾಕಿರುತ್ತಾರೆ. ಪರದೆ ಸರಿಸಿದರೆ ಗೋಡೆ! ಒದ್ದೆ ಟವೆಲ್ ಎರಡು ದಿನವಾದರೂ ಒಣಗದು, ಬೂಷ್ಟಿನ ವಾಸನೆ. ಬುಕ್ ಮಾಡುವಾಗ ಸಣ್ಣಕ್ಷರದಲ್ಲಿ ‘ನೋ ವಿಂಡೋ’ ಎಂದಿದೆಯೇ ನೋಡಿ, ಲಿಫ್ಟ್ ಇದೆಯೇ ಬರೆದು ಕೇಳಿ. ಮರದ ಮೆಟ್ಟಿಲು ಏಣಿಯಷ್ಟೇ ಕಡಿದು. ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೌಂಟರಿನಲ್ಲಿ ಬೇರೆ ಕೇಳುತ್ತಾರೆ, ಅದು ಮೋಸವಲ್ಲ, ಕಾನೂನು.

ಬಸ್ಸು ಮಾತ್ರ ಚೊಕ್ಕ. ಪೆನಾಂಗ್ ಬೆಟ್ಟಕ್ಕೆ 204, ಬಾತು ಫೆರಿಂಗಿ ಕಡೆಗೆ 101, ಏರ್‌ಪೋರ್ಟಿಗೆ 401ಇ. ಡ್ರೈವರ್ ಚಿಲ್ಲರೆ ಕೊಡುವುದಿಲ್ಲ, ಒಂದು ರಿಂಗಿಟ್ಟಿನ ನೋಟುಗಳನ್ನು ಮೊದಲೇ ಕೂಡಿಟ್ಟುಕೊಳ್ಳಿ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ನಿಲ್ಲಿಸುವುದಿಲ್ಲ, ಕೈ ಅಡ್ಡ ಹಿಡಿಯಬೇಕು. ಸಂಜೆ 101ರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಪಳಗಿದವರಿಗೆ ಅದೇನೂ ದೊಡ್ಡದಲ್ಲ.

ಲಿಟಲ್ ಇಂಡಿಯಾದಲ್ಲಿ ಇಡ್ಲಿ, ತೋಸೆ, ಬಾಳೆಲೆ ಊಟ ಸಿಗುತ್ತದೆ, ಅಲ್ಲಿ ತಮಿಳು ಬಂದರೆ ಸಾಕು. ತೊಂದರೆ ಇರುವುದು ಮೂಲೆಮೂಲೆಯ ಮಾಮಕ್ (ತಮಿಳು ಮುಸ್ಲಿಮರ) ಅಂಗಡಿಗಳಲ್ಲಿ. ರೊಟಿ ಚನಾಯ್ ಎಂಬ ಪರೋಟದ ಜೊತೆ ಕೊಡುವ ‘ದಾಲ್ಚಾ’ ನೋಡಲು ನಮ್ಮ ಬೇಳೆ ಹುಳಿಯಂತೆ ಇದ್ದರೂ ಅನೇಕ ಕಡೆ ಅದರಲ್ಲಿ ಕುರಿಮೂಳೆ ಬೆಂದಿರುತ್ತದೆ. ಸಕ್ಕರೆ ಹಾಕಿಸಿಕೊಂಡು ತಿನ್ನುವುದು ಕ್ಷೇಮ. ಕೆಟ್ಟ ತಿಂಗಳಲ್ಲಿ ಇಲ್ಲಿ ಆಗುವುದು ಇಷ್ಟೇ: ಮಳೆ ಹೆಚ್ಚು, ಕೆಲವು ವರ್ಷ ಸುಮಾತ್ರಾದ ಕಾಡ್ಗಿಚ್ಚಿನ ಹೊಗೆ. 2015, 2019 ಅಂಥ ವರ್ಷಗಳು. ಉಳಿದಂತೆ ಮಂಗಳೂರಿನ ಸೆಕೆ ತಡೆದವರು ಇಲ್ಲಿ ಹನ್ನೆರಡು ತಿಂಗಳೂ ಇರಬಲ್ಲರು. ವಾಸಕ್ಕೆ ನನ್ನ ಓಟು ಪೆನಾಂಗ್‌ಗೇ.

ಆದರೆ ಪ್ರವೇಶ ದುಬಾರಿ. 2024ರಲ್ಲಿ ಬದಲಾದ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಎಂಬ ದೀರ್ಘವಾಸ ವೀಸಾದ ನಿಯಮದಲ್ಲಿ ಸಿಲ್ವರ್ ದರ್ಜೆಗೆ 1,50,000 ಡಾಲರ್ ಠೇವಣಿ, ಜೊತೆಗೆ ಕನಿಷ್ಠ 6 ಲಕ್ಷ ರಿಂಗಿಟ್ ಬೆಲೆಯ ಮನೆ. ವೀಸಾ ಐದು ವರ್ಷಕ್ಕೆ, ಮನೆಯನ್ನು ಹತ್ತು ವರ್ಷ ಮಾರುವಂತಿಲ್ಲ. ಈ ಲೆಕ್ಕ ಆ ದೇವರಿಗೇ ಪ್ರೀತಿ. ನಮ್ಮ ಕಡೆಯ ಮಿತಿಯೂ ಇದೆ: ರಿಸರ್ವ್ ಬ್ಯಾಂಕ್ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಲು ಬಿಡುವುದು 2,50,000 ಡಾಲರ್. ಠೇವಣಿ, ಮನೆ ಎರಡೂ ಸೇರಿದರೆ ಅದು ಮೀರುತ್ತದೆ. ಠೇವಣಿಯನ್ನು ಮಾರ್ಚ್ 31ರ ಒಳಗೆ, ಮನೆಯ ಹಣವನ್ನು ಏಪ್ರಿಲ್ ನಂತರ ಕಳಿಸಿ, ಇಲ್ಲವೇ ದಂಪತಿ ಇಬ್ಬರ ಹೆಸರಿನಲ್ಲಿ ಹಂಚಿಕೊಳ್ಳಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು 20% ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ.

ಡಾ ನಾಂಗ್ ರಜೆಗೆ ಚೆಂದ, ಮಾರ್ಚ್‌ನಿಂದ ಆಗಸ್ಟ್. ಅಕ್ಟೋಬರ್, ನವೆಂಬರಿನಲ್ಲಿ ಕಡಲ ಬದಿಯ ರೂಮು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ. ಚಂಡಮಾರುತದ ಕಾಲ, ಪಕ್ಕದ ಹೊಯಿ ಆನ್‌ನ ಬೀದಿಗಳಲ್ಲಿ ದೋಣಿ ಓಡುತ್ತದೆ. ವಿಯೆಟ್ನಾಂನಲ್ಲಿ ನಿವೃತ್ತರ ವೀಸಾ ಎಂಬುದೇ ಇಲ್ಲ, ಇ–ವೀಸಾದಲ್ಲಿ ಗರಿಷ್ಠ 90 ದಿನ. ಅರ್ಜಿಯಲ್ಲಿ ಹೆಸರನ್ನು ಪಾಸ್‌ಪೋರ್ಟಿನ ಕೆಳಗಿನ ಎರಡು ಯಂತ್ರಸಾಲುಗಳಲ್ಲಿ ಇರುವಂತೆಯೇ ತುಂಬಿ. ಇನಿಷಿಯಲ್ ಬಿಡಿಸಿ ಬರೆದವರು, ಸರ್‌ನೇಮ್ ಖಾಲಿ ಇರುವವರು ಒಂದಕ್ಷರ ತಪ್ಪಿದರೂ ಚೆಕ್–ಇನ್ ಕೌಂಟರಿನಲ್ಲೇ ಸಿಕ್ಕಿಬೀಳುತ್ತಾರೆ, 25 ಡಾಲರ್ ವಾಪಸ್ ಬರುವುದಿಲ್ಲ.

ಸ್ಕೂಟರ್ ಬೇಡ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ. ಬಿದ್ದು ಕಾಲು ಮುರಿದಾಗ ವಿಮೆಯವರು ಮೊದಲು ಕೇಳುವುದೇ ಲೈಸೆನ್ಸ್.

ಬಾಲಿಯ ಬಗ್ಗೆ ಎರಡೇ ಮಾತು. ಮೆನುವಿನಲ್ಲಿ ಬೆಲೆಯ ಮುಂದೆ ‘++’ ಇದ್ದರೆ ಸರ್ವಿಸ್, ತೆರಿಗೆ ಸೇರಿ ಬಿಲ್ಲು ಸುಮಾರು ಐದನೇ ಒಂದು ಪಾಲು ಏರುತ್ತದೆ. ಮಾರ್ಚ್ ಆಸುಪಾಸಿನ ನ್ಯೆಪಿ ಎಂಬ ಮೌನಾಚರಣೆಯ ದಿನ ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ, ಟಿಕೆಟ್ ತಾರೀಖು ನೋಡಿಕೊಳ್ಳಿ.

ಥಾಯ್ಲೆಂಡ್, ಮಲೇಷ್ಯಾ ಎರಡಕ್ಕೂ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಎರಡೂ ಉಚಿತ. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ಅದೇ ಫಾರಂಗೆ ದುಡ್ಡು ಕೀಳುತ್ತವೆ. ಸರ್ಕಾರಿ ವಿಳಾಸ ‘ಗೋ ಡಾಟ್ ಟಿಎಚ್’, ‘ಗವ್ ಡಾಟ್ ಎಂವೈ’ ಎಂದೇ ಮುಗಿಯಬೇಕು.

ಹೊರಡುವ ಮುಂಚೆ ನಿಮ್ಮ ಭಾರತದ ಸಿಮ್‌ಗೆ ರೋಮಿಂಗ್ ಚಾಲೂ ಮಾಡಿಸಿ, ಅಲ್ಲಿನ ಇಂಟರ್ನೆಟ್‌ಗೆ ಇ–ಸಿಮ್ ಹಾಕಿ. ಬ್ಯಾಂಕಿನ ಒಟಿಪಿ ಬರುವುದು ಹಳೆಯ ನಂಬರಿಗೇ. ಪಿಂಚಣಿದಾರರಿಗೆ ನವೆಂಬರಿನ ಜೀವನ್ ಪ್ರಮಾಣ್ (ಬದುಕಿದ್ದೇವೆ ಎಂಬ ಡಿಜಿಟಲ್ ಪ್ರಮಾಣಪತ್ರ) ಕೂಡ ಇದೆ. ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ಆ ಆ್ಯಪನ್ನು ಮನೆಯಲ್ಲೇ ಒಮ್ಮೆ ಮಕ್ಕಳ ಎದುರು ಪ್ರಯತ್ನಿಸಿ ನೋಡಿ.