ಮೈನಸ್ 14 ಡಿಗ್ರಿ ಚಳಿಯಲ್ಲಿ ವಾಲಿದ ಗೋಪುರ

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಓದಿದ್ದು ದಾವಣಗೆರೆಯಲ್ಲಿ. ಈಗ ಅಮೆರಿಕದ ಮಿನ್ನೆಸೋಟ ರಾಜ್ಯದ ಸಣ್ಣ ಊರೊಂದರ ಚಳಿಗಾಲದ ಉತ್ಸವಕ್ಕೆ ಮಂಜುಗಡ್ಡೆಯ ಅರಮನೆಯ ಲೆಕ್ಕ ಹಾಕುವುದೂ ನನ್ನ ಕೆಲಸದ ಭಾಗ. ಸಮಿತಿಯ ಅಧ್ಯಕ್ಷರು ಪ್ರತಿ ಸಭೆಯನ್ನೂ ರಾಜ್ಯದ ರಾಜಧಾನಿ ಸೇಂಟ್ ಪಾಲ್‌ನ ಪುರಾಣದಿಂದಲೇ ಆರಂಭಿಸುತ್ತಾರೆ. 1885ರಲ್ಲಿ ನ್ಯೂಯಾರ್ಕಿನ ಪತ್ರಕರ್ತನೊಬ್ಬ ಆ ಊರನ್ನು ಮನುಷ್ಯರು ಬಾಳಲಾಗದ ಇನ್ನೊಂದು ಸೈಬೀರಿಯಾ ಎಂದು ಜರೆದನಂತೆ. ಊರಿನವರು ಹಠಕ್ಕೆ ಬಿದ್ದು ಮರುವರ್ಷವೇ 106 ಅಡಿಯ ಅರಮನೆ ಎಬ್ಬಿಸಿದರಂತೆ. ಸಿಡುಬಿನ ಹಾವಳಿಯಿಂದ ಮಾಂಟ್ರಿಯಲ್‌ನ ಉತ್ಸವ ನಿಂತಿದ್ದರಿಂದ ಅಲ್ಲಿನ ವಾಸ್ತುಶಿಲ್ಪಿಗಳೇ ಇವರ ಕೈಗೆ ಸಿಕ್ಕರಂತೆ. ಇಷ್ಟೆಲ್ಲ ಕೇಳಿಸಿಕೊಂಡ ಸಭೆಯಲ್ಲಿ ದೀಪದ ಕೇಬಲ್ ಎಲ್ಲಿ ಹಾಯುತ್ತದೆ ಎಂದು ಕೇಳಲು ಯಾರಿಗೂ ಪುರಸೊತ್ತು ಇರಲಿಲ್ಲ.

ವಿನ್ಯಾಸಕಾರರಿಗೆ ಕನ್ನಡಿಯಂತಹ ಗಡ್ಡೆಯೇ ಬೇಕಿತ್ತು. ಹಿಮ ಬೆರೆತ ಬಿಳಿ ಪದರವನ್ನು ಕೆತ್ತಿಸಿ, ಸರೋವರದ ತಿಳಿಗಡ್ಡೆಯನ್ನು ಮಾತ್ರ ತರಿಸಿದರು. ಒಂದೊಂದೂ ಸುಮಾರು 400 ಕೆಜಿ. 12 ಮೀಟರ್ ಗೋಪುರದ ಬುಡದಲ್ಲಿ ಒತ್ತಡ 0.11 ಮೆಗಾಪಾಸ್ಕಲ್ ಮಾತ್ರ. ಗಟ್ಟಿ ಗಡ್ಡೆ ಅದರ ಹತ್ತಾರು ಪಟ್ಟು ತಾಳುತ್ತದೆ. ಹಾಗಾಗಿ ಲೆಕ್ಕದ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಕಟ್ಟುವವರು ಬಳಸುವ ವಿವರ ನಕ್ಷೆಯಾದ ಶಾಪ್ ಡ್ರಾಯಿಂಗ್‌ನಲ್ಲಿ ಕೇಬಲ್ ಇರಬೇಕಾದ ಜಾಗದಲ್ಲಿ ‘ವಿದ್ಯುತ್ ನಕ್ಷೆ ನೋಡಿ’ ಎಂದಿತ್ತು. ನೋಡದೆಯೇ ಸಹಿ ಹಾಕಿದೆ.

ಉದ್ಘಾಟನೆಗೆ ಎರಡು ದಿನ ಇತ್ತು. ಬೆಳಿಗ್ಗೆ ಮೈನಸ್ 14, ಮೋಡವಿಲ್ಲದ ಆಕಾಶ. ಹನ್ನೊಂದರ ಹೊತ್ತಿಗೆ ಮೇಸ್ತ್ರಿ ಟ್ರೇಲರ್‌ಗೆ ಬಂದು, ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್ ಪ್ರಕಾರ ಗೋಪುರದ ತಲೆ ದಕ್ಷಿಣಕ್ಕೆ ಸರಿದಿದೆ ಎಂದರು. ಈ ಚಳಿಯಲ್ಲಿ ಕರಗುವ ಮಾತೇ ಇಲ್ಲ, ಇದು ಕ್ರೀಪ್ ಎಂದು ನಾನು ತೀರ್ಮಾನಿಸಿದೆ. ಭಾರ ಹೊತ್ತ ಮಂಜುಗಡ್ಡೆ ನಿಧಾನವಾಗಿ ಹರಿಯುವುದು ನಿಜವೇ. ಲ್ಯಾಪ್‌ಟಾಪ್ ತೆಗೆದು ಆ ಹರಿವಿನ ದರ ಹುಡುಕುತ್ತ ಕುಳಿತೆ. ಅಷ್ಟು ಹೊತ್ತೂ ಬೂಮ್ ಲಿಫ್ಟ್‌ನಲ್ಲಿ ಇಬ್ಬರು ಮೇಲಿನ ವರಸೆಯ ಸಂದಿಗಳಿಗೆ ಸ್ಲಶ್, ಅಂದರೆ ಗಾರೆಯ ಬದಲು ಬಳಸುವ ಹಿಮ-ನೀರಿನ ಮಿಶ್ರಣ, ತುಂಬುತ್ತಿದ್ದರು. ಸಂಖ್ಯೆ ಕೂಡಿ ಬರಲಿಲ್ಲ. ಕ್ರೀಪ್ ಒಂದು ಬೆಳಿಗ್ಗೆಯಲ್ಲಿ ಇಷ್ಟು ಸರಿಸುವುದಿಲ್ಲ. ಆಗಲೂ ನಾನು ಸಂದೇಹಪಟ್ಟಿದ್ದು ನನ್ನ ಗುಣಾಂಕವನ್ನೇ.

ಮೇಸ್ತ್ರಿ ಎರಡನೆಯ ಸಲ ಬಂದಾಗ ಲೆಕ್ಕ ಕೇಳಲಿಲ್ಲ. “ಅವರನ್ನು ಇಳಿಸಿದ್ದೇನೆ. ನೀವು ಬಂದು ಕೈಯಿಟ್ಟು ನೋಡಿ” ಎಂದರು.

ದಕ್ಷಿಣದ ಗೋಡೆಯ ನಾಲ್ಕನೆಯ ವರಸೆಯ ಸಂದಿಗೆ ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಯಿತು. ಒಳಗಿತ್ತು ಕಪ್ಪು ಕೇಬಲ್. ತಿಳಿಗಡ್ಡೆ ಬಿಸಿಲನ್ನು ತಡೆಯದೆ ಒಳಗೆ ಬಿಟ್ಟಿತ್ತು. ಕೇಬಲ್ ಅದನ್ನು ಹೀರಿ ಸುತ್ತಲಿನ ಸ್ಲಶ್ ಅನ್ನು ಗಂಜಿ ಮಾಡಿತ್ತು. ಬಿಳಿ ಗಡ್ಡೆಯಾಗಿದ್ದರೆ ಅಷ್ಟು ಬೆಳಕು ಒಳಗೆ ಇಳಿಯುತ್ತಲೇ ಇರಲಿಲ್ಲ. ನನ್ನ ಥರ್ಮಾಮೀಟರ್ ಅಳೆಯುತ್ತಿದ್ದುದು ಗಾಳಿಯನ್ನು. ಗೋಡೆಯ ಹೊಟ್ಟೆಯೊಳಗಿನ ಸಂಗತಿ ಅದಕ್ಕೆ ಹೇಗೆ ತಿಳಿಯಬೇಕು?

ಆವರಣ ಖಾಲಿ ಮಾಡಿಸಿ, ಸಿಕ್ಕ ಬಿಳಿ ಟಾರ್ಪಾಲನ್ನೆಲ್ಲ ದಕ್ಷಿಣಕ್ಕೆ ಇಳಿಬಿಟ್ಟು, ಆ ಬದಿಗೆ ಆನಿಕೆ ಕೊಟ್ಟೆವು. ಅಧ್ಯಕ್ಷರು ಬಂದು, ಪತ್ರಿಕೆಯ ಛಾಯಾಗ್ರಾಹಕರು ಮೂರು ಗಂಟೆಗೆ ಬರುತ್ತಾರೆ, ಈ ಹೊದಿಕೆಯನ್ನು ಸ್ವಲ್ಪ ಹೊತ್ತು ತೆಗೆಯಬಹುದೇ ಎಂದು ಕೇಳಿದರು. ಮೇಸ್ತ್ರಿ ಉತ್ತರಿಸದೆ ಟಾರ್ಪಾಲಿನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ಸೂರ್ಯ ಇಳಿದ ಮೇಲೆ ಮೇಲಿನ ವರಸೆಗಳನ್ನು ಇಳಿಸಿ, ಕೇಬಲನ್ನು ಉತ್ತರದ ಮುಖಕ್ಕೆ ತಿರುಗಿಸಿ, ಸಂದಿಗಳನ್ನು ಹೊಸದಾಗಿ ತುಂಬಿದೆವು. ಗೋಪುರ ಎರಡು ವರಸೆ ಗಿಡ್ಡವಾಗಿ ಉದ್ಘಾಟನೆಯಾಯಿತು. ಯಾರೂ ಗಮನಿಸಲಿಲ್ಲ, ವಿನ್ಯಾಸಕಾರರೊಬ್ಬರನ್ನು ಬಿಟ್ಟು.

ಈಗ ಸಂದಿಗಳ ಒಳಗೂ ಉಷ್ಣಮಾಪಕ ಇಡಿಸುತ್ತೇನೆ. ಗೋಪುರ ವಾಲಿದೆ ಎಂದರೆ ಮೊದಲು ಜನರನ್ನು ಇಳಿಸಿ ಆಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಮುಂದಿನ ವರ್ಷದ ಟೆಂಡರ್‌ನಲ್ಲಿ ಕೇಬಲ್ ಬಿಳಿಯದೇ ಇರಬೇಕು, ದಕ್ಷಿಣದ ಗೋಡೆಯೊಳಗೆ ಹಾಯಬಾರದು ಎಂದು ಸೇರಿಸಲು ಬರೆದುಕೊಟ್ಟೆ. ಸಮಿತಿ ತಕರಾರಿಲ್ಲದೆ ಒಪ್ಪಿತು. ಕರಡು ಕೈಗೆ ಬಂದಾಗ ನೋಡಿದರೆ ಅದನ್ನು ‘ಅಲಂಕಾರ’ದ ಅಡಿಯಲ್ಲಿ ‘ಬಜೆಟ್ ಅನುಮತಿಸಿದರೆ’ ಎಂಬ ಸಾಲಿನ ಜೊತೆಗೆ ಹಾಕಿದ್ದಾರೆ.