ಬಾಲ್ ಸಿಕ್ಕಿತಲ್ಲ, ಮತ್ತೆ ಕೆಂಪು ಕಾರ್ಡ್ ಯಾಕೆ?

ಕೊಡಗಿನ ಸುಂಟಿಕೊಪ್ಪ, ಕುಶಾಲನಗರ ಕಡೆಯ ಹುಡುಗರಿಗೆ ನಾನು ಫುಟ್‌ಬಾಲ್ ಗೋಲ್‌ಕೀಪಿಂಗ್ ಹೇಳಿಕೊಡುತ್ತೇನೆ. ಅದು ಗೊತ್ತಿರುವವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ. "ಅಲ್ಲ ಅಣ್ಣಾ, ಕೀಪರ್ ಹೋಗಿದ್ದು ಬಾಲ್‌ಗೆ. ಬಾಲ್ ಸಿಕ್ಕಿತು ಕೂಡ. ಆಮೇಲೆ ಎದುರಿನವನಿಗೆ ಪೆಟ್ಟು ಬಿದ್ರೆ ಇವನೇನು ಮಾಡೋಕಾಗುತ್ತೆ? ಟಿವಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಕಾರ್ಡ್ ಕೊಡೋದು ಯಾವ ನ್ಯಾಯ?"

ನಮ್ಮೂರಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಕೊಡಗಿನವರು ನೋಡಿ ಬೆಳೆದಿದ್ದು ಹಾಕಿ ಕೀಪರ್‌ಗಳನ್ನು. ಎ.ಬಿ. ಸುಬ್ಬಯ್ಯ ಅವರು ಇಲ್ಲಿಂದ ಒಲಿಂಪಿಕ್ಸ್‌ವರೆಗೆ ಹೋದವರು. ಆದರೆ ಹಾಕಿ ಕೀಪರ್‌ಗೆ ಕಾಲಿಗೆ ಪ್ಯಾಡ್, ಎದೆಗೆ ಗಾರ್ಡ್, ತಲೆಗೆ ಹೆಲ್ಮೆಟ್ ಇರುತ್ತದೆ. ಫುಟ್‌ಬಾಲ್ ಕೀಪರ್‌ಗೆ ಇರುವುದು ಒಂದು ಜೊತೆ ಗ್ಲೌಸ್, ಒಂದು ಜೊತೆ ಶಿನ್ ಗಾರ್ಡ್. ಎದುರಿಂದ ಓಡಿ ಬರುವವನಿಗೆ ಗ್ಲೌಸೂ ಇಲ್ಲ.

ನನ್ನ ಉತ್ತರ ಇಷ್ಟೇ. ಬಾಲ್ ಸಿಕ್ಕಿತು ಅನ್ನೋದು ಸಮಜಾಯಿಷಿ ಆಗುವುದಿಲ್ಲ. ಆಟದ 12ನೇ ನಿಯಮದಲ್ಲಿ ಮೂರು ಮೆಟ್ಟಿಲು ಇವೆ. ಬರೀ ಅಜಾಗರೂಕತೆಯಾದರೆ ಫೌಲ್ ಮಾತ್ರ, ಕಾರ್ಡ್ ಇಲ್ಲ. ಎದುರಿನವನಿಗೆ ಏನಾಗಬಹುದು ಅಂತ ಯೋಚಿಸದೆ ನುಗ್ಗಿದರೆ ಹಳದಿ, ಅಂದರೆ ಎಚ್ಚರಿಕೆ. ಮಿತಿ ಮೀರಿದ ಬಲ ಹಾಕಿದರೆ, ಎದುರಾಳಿಯ ಮೈಗೆ ಅಪಾಯ ತಂದರೆ ಕೆಂಪು, ಅಂದರೆ ಮೈದಾನದಿಂದ ಹೊರಗೆ. "ಬಾಲ್ ಮುಟ್ಟಿದ್ದರೆ ಮಾಫಿ" ಅಂತ ಅಲ್ಲಿ ಎಲ್ಲೂ ಇಲ್ಲ. ಕೀಪರ್‌ಗೆ ಅಂತ ಬೇರೆ ರಿಯಾಯಿತಿಯೂ ಇಲ್ಲ. ಅವನು ಬಾಲನ್ನು ಕೈಯಲ್ಲಿ ಹಿಡಿದಿರುವಾಗ ಯಾರೂ ಅವನ ಮೇಲೆ ಬೀಳುವಂತಿಲ್ಲ, ಅದು ನಿಜ. ಆದರೆ ಬಾಲ್ ಇನ್ನೂ ಯಾರದ್ದೂ ಆಗಿಲ್ಲದಾಗ ಅವನೂ ಹನ್ನೊಂದರಲ್ಲಿ ಒಬ್ಬ.

ಇದಕ್ಕೇ ನಾನು ಹುಡುಗರಲ್ಲಿ ಮೊದಲು ಎತ್ತರ ನೋಡುವುದಿಲ್ಲ. ಗೋಲ್ ಪೋಸ್ಟ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಆರೂವರೆ ಅಡಿ ಹತ್ತಿರ ಇರುವ ಭಾರತದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧುಗೆ ಅದು ಸುಲಭ ಅನ್ನಬಹುದು. ಆದರೆ ಐದೂವರೆ ಅಡಿಯ ಹೋರ್ಹೆ ಕಾಂಪೋಸ್ ಮೆಕ್ಸಿಕೋ ಪರವಾಗಿ ವಿಶ್ವಕಪ್‌ನಲ್ಲೇ ನಿಂತ. ರಿಫ್ಲೆಕ್ಸ್ ಬೇಕು, ಧೈರ್ಯ ಬೇಕು, ಹಿಂದಿನಿಂದ ಕೂಗಿ ಡಿಫೆಂಡರ್‌ಗಳನ್ನು ನಿಲ್ಲಿಸುವ ಗಂಟಲು ಬೇಕು. ಇವೆಲ್ಲ ಸ್ವಲ್ಪ ಸ್ವಲ್ಪ ಕಲಿಸಬಹುದು. ಕಲಿಸೋಕೆ ಕಷ್ಟವಾಗುವುದು ಒಂದೇ: ಯಾವಾಗ ಗೋಲ್ ಬಿಟ್ಟು ಹೊರಗೆ ಬರಬೇಕು, ಯಾವಾಗ ನಿಂತಲ್ಲೇ ನಿಲ್ಲಬೇಕು ಅನ್ನೋದು. ಅರ್ಧ ಸೆಕೆಂಡ್ ತಡವಾಗಿ ಹೊರಟವನೇ ಆ ತಡವನ್ನು ಮುಚ್ಚೋಕೆ ಹಾರುತ್ತಾನೆ. ಕೀಪರ್‌ಗಳ ಕೆಟ್ಟ ಫೌಲ್‌ಗಳಲ್ಲಿ ಹೆಚ್ಚಿನವು ಹೀಗೇ ಆಗುವುದು. ಸಿಟ್ಟಿನಿಂದ ಆಗುವುದು ಕಡಿಮೆ.

1982ರ ವಿಶ್ವಕಪ್ ಸೆಮಿಫೈನಲ್ ನೋಡಿ. ಸೆವಿಲ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್. ಫ್ರಾನ್ಸ್‌ನ ಬ್ಯಾಟಿಸ್ಟನ್ ಒಬ್ಬನೇ ಬಾಲ್ ಹಿಂದೆ ಓಡಿ ಬಂದ. ಜರ್ಮನಿಯ ಕೀಪರ್ ಶುಮಾಕರ್ ಮುಂದೆ ಬಂದು ಹಾರಿದ. ಬಾಲ್ ಆಗಲೇ ಬ್ಯಾಟಿಸ್ಟನ್‌ನ ಕಾಲು ಬಿಟ್ಟು ಹೋಗಿತ್ತು. ಶುಮಾಕರ್ ಗಾಳಿಯಲ್ಲೇ ಮೈ ತಿರುಗಿಸಿ ಸೊಂಟದಿಂದ ಅವನ ಮುಖಕ್ಕೆ ಗುದ್ದಿದ. ಬ್ಯಾಟಿಸ್ಟನ್ ಎಚ್ಚರ ತಪ್ಪಿ ಬಿದ್ದ, ಹಲ್ಲು ಹೋದವು. ಅವನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ರೆಫರಿ ಕೊಟ್ಟಿದ್ದು ಏನು ಗೊತ್ತಾ? ಗೋಲ್ ಕಿಕ್! ಅಂದರೆ ಬಾಲ್ ಜರ್ಮನಿಗೇ. ಕಾರ್ಡ್ ಬಿಡಿ, ಫೌಲ್ ಕೂಡ ಇಲ್ಲ. ಪಂದ್ಯ 3-3 ಆಗಿ ಪೆನಾಲ್ಟಿಗೆ ಹೋಯಿತು. ಅಲ್ಲಿ ಅದೇ ಶುಮಾಕರ್ ಎರಡು ಕಿಕ್ ತಡೆದು ಜರ್ಮನಿಯನ್ನು ಫೈನಲ್‌ಗೆ ಕರೆದೊಯ್ದ. ಇವತ್ತಾಗಿದ್ದರೆ ಅವನು ಪೆನಾಲ್ಟಿ ಹೊತ್ತಿಗೆ ಮೈದಾನದಲ್ಲೇ ಇರುತ್ತಿರಲಿಲ್ಲ.

ಹಾಗಂತ ಪೆಟ್ಟು ಕೊಡುವವನು ಯಾವಾಗಲೂ ಕೀಪರ್ ಅಂದುಕೊಳ್ಳಬೇಡಿ. 2006ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನಲ್ಲಿ ರೆಡಿಂಗ್ ವಿರುದ್ಧ ಆಡುವಾಗ ಚೆಲ್ಸಿ ಕ್ಲಬ್‌ನ ಕೀಪರ್ ಪೀಟರ್ ಚೆಕ್ ತಲೆಗೆ ಎದುರಾಳಿಯ ಮೊಣಕಾಲು ಬಡಿದು ಬುರುಡೆಯೇ ಒಡೆಯಿತು. ಅವನು ಬಾಲ್‌ಗೆ ಕೈ ಹಾಕಿ ನೆಲದ ಮೇಲಿದ್ದ, ಅಷ್ಟೇ. ಅವನ ಬದಲಿಗೆ ಬಂದ ಕೀಪರ್ ಕೂಡ ಅದೇ ಪಂದ್ಯದಲ್ಲಿ ಎಚ್ಚರ ತಪ್ಪಿದ. ಕೊನೆಗೆ ಗ್ಲೌಸ್ ಹಾಕಿಕೊಂಡು ನಿಂತವನು ಡಿಫೆಂಡರ್ ಜಾನ್ ಟೆರಿ. ಚೆಕ್ ಮುಂದೆ ನಿವೃತ್ತಿಯಾಗುವವರೆಗೂ ತಲೆಗೆ ಗಾರ್ಡ್ ಕಟ್ಟಿಯೇ ಆಡಿದ.

ನಮ್ಮಲ್ಲಿ ಇದಕ್ಕೆ ಮಳೆ ಬೇರೆ ಸೇರುತ್ತದೆ. ಜೂನ್ ಕಳೆದ ಮೇಲೆ ಇಲ್ಲಿನ ಮೈದಾನಗಳಲ್ಲಿ ಬಾಲ್ ಪುಟಿಯುವುದಿಲ್ಲ, ಜಾರುತ್ತದೆ. ಎಲ್ಲೋ ನಿಲ್ಲುತ್ತೆ ಅಂದುಕೊಂಡ ಬಾಲ್ ಸರ್ರನೆ ಹತ್ತಿರ ಬಂದುಬಿಡುತ್ತದೆ. ಕೀಪರ್ ಕೂಡ ಹಾಗೇ. ಕಾಲು ಮುಂದೆ ಮಾಡಿ ಜಾರಿದರೆ ಬ್ರೇಕ್ ಇಲ್ಲ, ಕೆಸರಲ್ಲಿ ಎಲ್ಲಿ ನಿಲ್ಲುತ್ತಾನೆ ಅಂತ ಅವನಿಗೇ ಗೊತ್ತಿರಲ್ಲ. ಆದ್ದರಿಂದ ನಾನು ಹುಡುಗರಿಗೆ ಹೇಳುವುದು, ಕೈ ಮೊದಲು ಹೋಗಲಿ. ಬಾಲ್ ಕಡೆ ಓಡುವಾಗ ಕೊನೆಯ ಎರಡು ಹೆಜ್ಜೆ ಸಣ್ಣದು ಮಾಡಬೇಕು. ಮೊಣಕಾಲು ಬಗ್ಗಿಸಿ, ಮೈ ಪಕ್ಕಕ್ಕೆ ಹಾಕಿ, ಕೈ ಎರಡನ್ನೂ ಬಾಲ್ ಹಿಂದೆ ಚಾಚಿ ಮಲಗಬೇಕು. ಎದೆ ಅಡ್ಡ ಬಂದರೆ ಗೋಲ್ ಮುಚ್ಚುತ್ತದೆ. ಬೂಟಿನ ಸ್ಟಡ್ ಮುಂದೆ ಬಂದರೆ ಯಾರದ್ದೋ ಮೊಣಕಾಲು ಹೋಗುತ್ತದೆ. ಮೇಲಿನ ಬಾಲ್‌ಗೆ ಹಾರುವಾಗ ಒಂದು ಮೊಣಕಾಲು ಎತ್ತುವುದನ್ನು ಎಲ್ಲರೂ ಕಲಿಸುತ್ತಾರೆ, ನಾನೂ ಕಲಿಸುತ್ತೇನೆ. ಅದು ಜಿಗಿತಕ್ಕೆ ಬಲ, ಸ್ವಂತ ಹೊಟ್ಟೆಗೆ ರಕ್ಷಣೆ. ಎದುರಿನವನ ಬೆನ್ನಿಗೆ ಚುಚ್ಚೋಕಲ್ಲ.

ಇನ್ನು ವಿಡಿಯೊ ವಿಚಾರ. ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ಪದ್ಧತಿ, 2018ರಲ್ಲಿ ನಿಯಮದ ಪುಸ್ತಕಕ್ಕೆ ಬಂತು, ಅದೇ ವರ್ಷ ರಷ್ಯಾ ವಿಶ್ವಕಪ್‌ನಲ್ಲಿ ಬಳಸಿದರು. ನಮ್ಮ ಹಾಕಿ ಜನಕ್ಕೆ ಇಲ್ಲೊಂದು ಗೊಂದಲ ಇದೆ. ಹಾಕಿಯಲ್ಲಿ ತಂಡದವರೇ ರೆಫರಲ್ ಕೇಳುತ್ತಾರೆ. ವಿಎಆರ್‌ನಲ್ಲಿ ಆಟಗಾರ ಕೇಳುವ ಹಾಗಿಲ್ಲ, ಕೋಚ್ ಕೂಡ ಕೇಳುವ ಹಾಗಿಲ್ಲ. ಅದು ಮುಖ್ಯವಾಗಿ ನೋಡುವುದು ನಾಲ್ಕು ವಿಷಯ: ಗೋಲ್, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಕಾರ್ಡ್ ತಪ್ಪಾಗಿ ಬೇರೆಯವನಿಗೆ ಹೋಗಿದ್ದರೆ ಅದು. ಹಳದಿ ಕೊಡಬೇಕಿತ್ತು ಅಂತ ಯಾರು ಎಷ್ಟು ಕೂಗಿದರೂ ವಿಡಿಯೊ ರೂಮಿನವರು ಸುಮ್ನೆ ಕೂತಿರುತ್ತಾರೆ.

ವಿಡಿಯೊ ಇದ್ದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. 2020ರ ಅಕ್ಟೋಬರ್‌ನಲ್ಲಿ ಎವರ್ಟನ್ ಕೀಪರ್ ಪಿಕ್‌ಫರ್ಡ್, ಲಿವರ್‌ಪೂಲ್‌ನ ವ್ಯಾನ್ ಡೈಕ್ ಕಾಲಿಗೆ ಎರಡೂ ಕಾಲು ಚಾಚಿ ನುಗ್ಗಿದ. ವಿಡಿಯೊ ನೋಡಿದರು, ವ್ಯಾನ್ ಡೈಕ್ ಆಫ್‌ಸೈಡ್, ಅಂದರೆ ಬಾಲ್ ಪಾಸ್ ಆದಾಗ ಇರಬಾರದಷ್ಟು ಮುಂದೆ ಇದ್ದ ಅಂದರು, ಪೆನಾಲ್ಟಿ ಇಲ್ಲ ಅಂದರು. ಕಾರ್ಡ್ ಬರಲೇ ಇಲ್ಲ. ಎದುರಾಳಿ ಆಫ್‌ಸೈಡ್ ಆಗಿದ್ದರೂ ಅಪಾಯಕಾರಿ ಟ್ಯಾಕಲ್‌ಗೆ ಕೆಂಪು ಕೊಡಬಹುದು, ನಿಯಮ ತಡೆಯುವುದಿಲ್ಲ. ವ್ಯಾನ್ ಡೈಕ್ ಮೊಣಕಾಲಿನ ಲಿಗಮೆಂಟ್ ಹರಿದು ಆ ಸೀಸನ್ ಪೂರ್ತಿ ಹೊರಗೆ ಕೂತ. ನನ್ನ ಮಟ್ಟಿಗೆ ಅದು ಕೆಂಪು, ಎರಡು ಮಾತಿಲ್ಲ. ಲಿವರ್‌ಪೂಲ್ ಅಭಿಮಾನಿ ಅಂತ ಬೈಯಬೇಡಿ, ನಾನಲ್ಲ.

ನಮ್ಮೂರ ಟೂರ್ನಮೆಂಟ್‌ಗಳಲ್ಲಿ ವಿಎಆರ್ ಎಲ್ಲಿಂದ ಬರಬೇಕು? ಬರುವುದು ಮೊಬೈಲ್ ವಿಡಿಯೊ. ಪಂದ್ಯ ಮುಗಿಯುವ ಮೊದಲೇ ವಾಟ್ಸಾಪ್‌ನಲ್ಲಿ ಸ್ಲೋ ಮೋಷನ್ ಓಡಾಡುತ್ತಿರುತ್ತದೆ, "ನೋಡಿ, ಬೇಕಂತಲೇ ಮಾಡಿದ್ದು" ಅಂತ. ನಿಧಾನಕ್ಕೆ ಓಡಿಸಿದರೆ ಯಾರು ಮಾಡಿದ್ದೂ ಬೇಕಂತಲೇ ಮಾಡಿದ ಹಾಗೆ ಕಾಣುತ್ತೆ ಅಲ್ವಾ? ಅದಕ್ಕೇ ವಿಎಆರ್ ಪದ್ಧತಿಯಲ್ಲಿ ಒಂದು ಒಳ್ಳೆಯ ಕಟ್ಟುಪಾಡು ಇಟ್ಟಿದ್ದಾರೆ. ಕಾಲು ಎಲ್ಲಿ ತಾಗಿತು, ಬಾಕ್ಸ್ ಒಳಗೋ ಹೊರಗೋ ಅನ್ನೋದಕ್ಕೆ ಸ್ಲೋ ಮೋಷನ್. ಎಷ್ಟು ಜೋರಾಗಿ ತಾಗಿತು ಅನ್ನೋದಕ್ಕೆ ಮಾಮೂಲಿ ವೇಗ. ಇದನ್ನು ನಮ್ಮ ಗ್ರೂಪ್ ಅಡ್ಮಿನ್‌ಗಳು ಪಾಲಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನನಗೆ ವಿಡಿಯೊ ಕಳಿಸಿ "ಇದು ಕೆಂಪಾ, ಹಳದಿನಾ" ಅಂತ ಕೇಳುವವರಿಗೆ ಇನ್ನೊಂದು ಮಾತು. ಡಿಕ್ಕಿ ಆದ ಜಾಗ ಮಾತ್ರ ಕತ್ತರಿಸಿ ಕಳಿಸಬೇಡಿ. ಅದಕ್ಕಿಂತ ಹತ್ತು ಸೆಕೆಂಡ್ ಹಿಂದಿನಿಂದ ಇರಲಿ. ಬಾಲ್ ಮಿಡ್‌ಫೀಲ್ಡ್‌ನಲ್ಲಿದ್ದಾಗ ಕೀಪರ್ ಎಲ್ಲಿ ನಿಂತಿದ್ದ? ಗೋಲ್ ಲೈನ್‌ಗೆ ಅಂಟಿಕೊಂಡಿದ್ದನಾ, ಆರೇಳು ಹೆಜ್ಜೆ ಮುಂದಿದ್ದನಾ? ಪಾಸ್ ಹೊರಟಾಗ ಅವನ ಕಣ್ಣು ಎಲ್ಲಿತ್ತು? ರೆಫರಿಗೆ ಅದು ಬೇಡ, ಅವರು ಡಿಕ್ಕಿ ನೋಡಿ ಕಾರ್ಡ್ ತೀರ್ಮಾನ ಮಾಡುತ್ತಾರೆ. ನನಗೆ ಬೇಕು, ಯಾಕಂದರೆ ಮಾರನೇ ದಿನ ಬೆಳಿಗ್ಗೆ ಪ್ರಾಕ್ಟೀಸ್‌ಗೆ ಬರುವ ಹುಡುಗನಿಗೆ ನಾನು ತಿದ್ದಬೇಕಾಗಿರುವುದು ಅಲ್ಲೇ.